ಮಗ್ಗವಿಲ್ಲದ ಬಟ್ಟೆ: ತೊಗಟೆ, ಲೇಸು ಮತ್ತು ಶಿಡ್ಲಘಟ್ಟದ ರೇಷ್ಮೆಗೂಡು

ಶಿಡ್ಲಘಟ್ಟ ರೇಷ್ಮೆಗೆ ಹೆಸರಾದ ಊರು. ಸೀರೆಗೆ ಹೆಸರಾದ ಊರಲ್ಲ. ರಾಮನಗರವನ್ನು ಬಿಟ್ಟರೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಜನ ಹೇಳುವುದು ಇದನ್ನೇ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯ ರೈತರು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡು ಬಿಡಿಸಿ ಮಾರುಕಟ್ಟೆಗೆ ತರುತ್ತಾರೆ. ರೀಲರುಗಳು ಹರಾಜಿನಲ್ಲಿ ಲಾಟು ಹಿಡಿದು, ಫಿಲೇಚರುಗಳಲ್ಲಿ ನೂಲು ಬಿಚ್ಚಿಸುತ್ತಾರೆ. ಆ ನೂಲು ದೊಡ್ಡಬಳ್ಳಾಪುರ, ಧರ್ಮಾವರಂ, ಕಂಚಿಯಂಥ ಊರುಗಳ ಮಗ್ಗ ಸೇರುತ್ತದೆ. ಸೀರೆಯಾದ ಮೇಲೆ ಅದಕ್ಕೆ ಮಗ್ಗದ ಊರಿನ ಹೆಸರು ಬರುತ್ತದೆ, ಅಂಗಡಿಯ ಹೆಸರು ಬರುತ್ತದೆ. ಬಿಸಿನೀರಿನ ಬೇಸಿನ್ ಮುಂದೆ ಕೂತು ಎಳೆ ಹುಡುಕಿದ ಹೆಣ್ಣುಮಗಳ ಊರು ಯಾವುದೆಂದು ಸೀರೆ ಉಡುವವರಿಗೆ ಗೊತ್ತಾಗುವುದೇ ಇಲ್ಲ.

ಹಾಗಾದರೆ ಬಟ್ಟೆಯ ಕೀರ್ತಿ ಮಗ್ಗ ಇರುವ ಊರಿಗೆ ಮಾತ್ರ ಸಲ್ಲಬೇಕೆ? ಕಳೆದ ಮೂರು ನಾಲ್ಕು ದಶಕಗಳಲ್ಲಿ ಜಗತ್ತಿನ ವಸ್ತ್ರಕಲೆ ಈ ಪ್ರಶ್ನೆಗೆ ಬಲವಾದ ಉತ್ತರ ಕೊಟ್ಟಿದೆ. ದೊಡ್ಡ ಕಲಾ ಪ್ರದರ್ಶನಗಳಲ್ಲಿ ಇಂದು ಗೌರವದ ಜಾಗ ಪಡೆದಿರುವ ಬಟ್ಟೆಗಳಲ್ಲಿ ಎರಡು, ಮಗ್ಗದ ಹಂಗೇ ಇಲ್ಲದವು. ಒಂದು, ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳ ಹೆಂಗಸರು ಮರದ ತೊಗಟೆಯನ್ನು ಬಡಿದು ಮಾಡುವ ಬಟ್ಟೆ. ಇನ್ನೊಂದು, ಯುರೋಪಿನ ಮನೆಗಳಲ್ಲಿ ಬೆಳೆದು ಮಿಷನರಿಗಳ ಜೊತೆ ಎಲ್ಲೆಡೆ ಹರಡಿದ ಲೇಸು. ಎರಡೂ ಹೆಂಗಸರ ಕೈಕೆಲಸ. ಎರಡನ್ನೂ ಬಹಳ ಕಾಲ ಯಾರೂ ಕಲೆಯೆಂದು ಎಣಿಸಿರಲಿಲ್ಲ. ಇವು ಕಲೆಯಾದ ಬಗೆಯನ್ನು ಶಿಡ್ಲಘಟ್ಟದ ಕಡೆಯಿಂದ ನೋಡಿದರೆ ನಮ್ಮ ಊರಿನ ಕೈಗಳಿಗೆ ಏನು ಸಲ್ಲಬೇಕೆಂಬುದೂ ತಿಳಿಯುತ್ತದೆ.

ಒಂದೇ ಕುಟುಂಬದ ಗಿಡಗಳು

ಪಾಲಿನೇಷ್ಯದ ತೊಗಟೆ ಬಟ್ಟೆಗೂ ನಮ್ಮ ರೇಷ್ಮೆಗೂ ಸಸ್ಯಕುಲದ ನಂಟಿದೆ. ಅಲ್ಲಿನ ಬಟ್ಟೆಗೆ ಬಳಸುವ ಮುಖ್ಯ ಗಿಡ ಪೇಪರ್ ಮಲ್ಬರಿ. ನಮ್ಮ ಹಿಪ್ಪುನೇರಳೆಯಂತೆ ಅದೂ ಮೋರೇಸಿ ಕುಟುಂಬದ್ದು. ಆಲ, ಅತ್ತಿ, ಹಲಸುಗಳೂ ಅದೇ ಕುಟುಂಬಕ್ಕೆ ಸೇರಿದವು. ಇಲ್ಲಿ ನಾವು ಎಲೆಯನ್ನು ಹುಳುವಿಗೆ ತಿನ್ನಿಸಿ ಅದರ ಬಾಯಿಂದ ನೂಲು ಪಡೆದೆವು. ಅಲ್ಲಿನವರು ಹುಳುವಿನ ನೆರವಿಲ್ಲದೆ ಕಾಂಡದ ನಾರನ್ನೇ ಬಟ್ಟೆ ಮಾಡಿಕೊಂಡರು.

ಈ ಗಿಡ ಪೆಸಿಫಿಕ್ಕಿನ ಮೂಲವಾಸಿಯಲ್ಲ. ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋದ ಜನ ಹಲಸಿನ ಜಾತಿಯ ಬ್ರೆಡ್‌ಫ್ರೂಟ್, ಕೆಸುವಿನ ಗೆಡ್ಡೆಗಳ ಜೊತೆ ಇದರ ಕಡ್ಡಿಯನ್ನೂ ಕೊಂಡೊಯ್ದರು. 2015ರಲ್ಲಿ ಪ್ರಕಟವಾದ ಒಂದು ಡಿಎನ್‌ಎ ಅಧ್ಯಯನ ಪೆಸಿಫಿಕ್ ದ್ವೀಪಗಳ ಪೇಪರ್ ಮಲ್ಬರಿಯ ಮೂಲವನ್ನು ದಕ್ಷಿಣ ತೈವಾನಿನಲ್ಲಿ ಗುರುತಿಸಿತು. ದ್ವೀಪಗಳಲ್ಲಿ ಬೀಜದಿಂದಲ್ಲ, ಕಡ್ಡಿ ಮತ್ತು ಬೇರುಚಿಗುರಿನಿಂದ ಈ ಗಿಡವನ್ನು ಬೆಳೆಸುತ್ತಾ ಬಂದಿದ್ದಾರೆ. ಹಿಪ್ಪುನೇರಳೆ ಕಡ್ಡಿ ನೆಟ್ಟು ತೋಟ ಮಾಡುವ ನಮ್ಮ ರೈತರಿಗೆ ಇದು ಹೊಸ ವಿಷಯವೇನಲ್ಲ.

ಮಾಡುವ ಕ್ರಮ ಸರಳವಾಗಿ ಕಂಡರೂ ಬಹಳ ನಿಗಾ ಬೇಡುತ್ತದೆ. ಗಿಡ ಬೆಳೆಯುವಾಗಲೇ ಪಕ್ಕದ ಚಿಗುರುಗಳನ್ನು ಚಿವುಟುತ್ತಿರಬೇಕು. ಕವಲೊಡೆದರೆ ಆ ಗೆಣ್ಣಿನಲ್ಲಿ ಬಟ್ಟೆಗೆ ತೂತು ಬೀಳುತ್ತದೆ. ಸುಮಾರು ವರ್ಷ ತುಂಬಿ ಕಾಂಡ ಆಳೆತ್ತರ ಮೀರಿದಾಗ ಕಡಿದು, ತೊಗಟೆಯನ್ನು ಉದ್ದಕ್ಕೂ ಸುಲಿಯುತ್ತಾರೆ. ಹೊರಗಿನ ಒರಟು ಸಿಪ್ಪೆಯನ್ನು ಕೆರೆದು ತೆಗೆದರೆ ಒಳಗಿನ ಬಿಳಿ ನಾರು ಉಳಿಯುತ್ತದೆ. ಅದನ್ನು ನೆನೆಸಿ, ಮರದ ದಿಮ್ಮಿಯ ಮೇಲೆ ಹಾಸಿ, ಗೆರೆ ಕೊರೆದ ಕೊಡತಿಯಿಂದ ಬಡಿಯುತ್ತಾರೆ. ಅಂಗೈ ಅಗಲದ ಪಟ್ಟಿ ಏಟು ಬಿದ್ದಂತೆಲ್ಲ ಅಗಲವಾಗುತ್ತಾ, ತೆಳುವಾಗುತ್ತಾ ಹೋಗುತ್ತದೆ. ಟೋಂಗಾದಲ್ಲಿ ಇಂಥ ಪಟ್ಟಿಗಳನ್ನು ಪದರದ ಮೇಲೆ ಪದರ ಇಟ್ಟು ಗೆಡ್ಡೆಯ ಗಂಜಿಯಿಂದ ಅಂಟಿಸುತ್ತಾರೆ. ಕೆಳಗೆ ಕುಪೇಸಿ ಎಂಬ ಉಬ್ಬು ಅಚ್ಚನ್ನು ಇಟ್ಟು, ಮೇಲಿನಿಂದ ಕಂದು ಬಣ್ಣವನ್ನು ಉಜ್ಜಿ ಚಿತ್ತಾರ ಎಬ್ಬಿಸುತ್ತಾರೆ. ಅಕ್ಕಪಕ್ಕದ ಮನೆಗಳ ಹೆಂಗಸರು ಎರಡೂ ಬದಿಗೆ ಸಾಲಾಗಿ ಕೂತು ಮಾಡುವ ಈ ಬಟ್ಟೆ ಹತ್ತಾರು ಮೀಟರ್ ಉದ್ದ ಬೆಳೆಯುವುದುಂಟು. ಟೋಂಗಾದಲ್ಲಿ ಅದು ಙಾಟು, ಸಮೋವಾದಲ್ಲಿ ಸಿಯಾಪೊ, ಹವಾಯಿಯಲ್ಲಿ ಕಾಪಾ, ನಿಯುಯೆಯಲ್ಲಿ ಹಿಯಾಪೊ, ಪಕ್ಕದ ಫಿಜಿಯಲ್ಲಿ ಮಸಿ. ಹೊರಗಿನವರು ಎಲ್ಲಕ್ಕೂ ಟಾಪಾ ಎಂದೇ ಹೇಳುವುದು ರೂಢಿ.

ತೊಗಟೆಯಿಂದ ಬಟ್ಟೆ ಮಾಡುವ ಜಾಣ್ಮೆ ಪೆಸಿಫಿಕ್ಕಿಗೆ ಮಾತ್ರ ಸೀಮಿತವಲ್ಲ. ಉಗಾಂಡದ ಬಗಾಂಡ ಜನ ಮುಟುಬ ಎಂಬ ಅತ್ತಿಯ ಜಾತಿಯ ಮರದಿಂದ ತೊಗಟೆ ಸುಲಿದು ಬಡಿಯುತ್ತಾರೆ; ಸುಲಿದ ಜಾಗಕ್ಕೆ ಬಾಳೆಎಲೆ ಸುತ್ತಿ ಮರವನ್ನು ಉಳಿಸಿಕೊಳ್ಳುತ್ತಾರೆ. ಈ ವಿದ್ಯೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಪರಂಪರೆ ಎಂದು ಸಾರಿತು. ನಮ್ಮ ಪಶ್ಚಿಮ ಘಟ್ಟದಲ್ಲೂ ಇದಕ್ಕೆ ಸಾಕ್ಷಿಯಿದೆ. ಕೊಡಗು ಮತ್ತು ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಅಜ್ಜನಪಟ್ಟೆ ಮರದ ಕೊಂಬೆಯನ್ನು ಕಡಿದು, ನೆನೆಸಿ, ಸುತ್ತಲೂ ಬಡಿದು, ಸಡಿಲವಾದ ತೊಗಟೆಯನ್ನು ಒಳಹೊರಗು ಮಗುಚಿ ಹೊಲಿಗೆಯಿಲ್ಲದ ಚೀಲ ಮಾಡುತ್ತಿದ್ದರು. ತಳಕ್ಕೆ ಕೊಂಬೆಯದೇ ಒಂದು ಬಿಲ್ಲೆ ಉಳಿಸಿಕೊಂಡರೆ ಅಕ್ಕಿ ತುಂಬುವ ಮೂಟೆ ಸಿದ್ಧ. 19ನೇ ಶತಮಾನದ ಸಸ್ಯಶಾಸ್ತ್ರಜ್ಞರು ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾರೆ. ಈ ಮರವೂ ಮೋರೇಸಿ ಕುಟುಂಬದ್ದೇ.

ಕಾವ್ಯದಲ್ಲಿ ನಾರುಮಡಿ ನಮಗೆ ಚೆನ್ನಾಗಿಯೇ ಗೊತ್ತು. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಕೈಕೇಯಿ ಕೊಟ್ಟ ನಾರುಬಟ್ಟೆಯನ್ನು ಉಡುವ ಬಗೆ ತಿಳಿಯದೆ ಸೀತೆ ತಬ್ಬಿಬ್ಬಾಗುತ್ತಾಳೆ. ಆಗ ರಾಮನೇ ಬಂದು ಅವಳು ಉಟ್ಟ ರೇಷ್ಮೆಯ ಮೇಲೆಯೇ ಅದನ್ನು ಕಟ್ಟುತ್ತಾನೆ. ಅರಮನೆಯವರೆಲ್ಲ ಕಣ್ಣೀರಿಡುವ ಗಳಿಗೆಯದು. ರೇಷ್ಮೆ ಐಶ್ವರ್ಯಕ್ಕೆ, ತೊಗಟೆ ವೈರಾಗ್ಯಕ್ಕೆ ಎಂಬ ಹಂಚಿಕೆ ನಮ್ಮ ಮನಸ್ಸಿನಲ್ಲಿ ಅಷ್ಟು ಹಳೆಯದು. ಪಾಲಿನೇಷ್ಯದಲ್ಲಿ ಈ ಹಂಚಿಕೆಯೇ ಇಲ್ಲ. ಅಲ್ಲಿ ಅರಸನ ಪಟ್ಟಾಭಿಷೇಕಕ್ಕೆ ಹಾಸುವುದೂ, ಮದುವೆಯಲ್ಲಿ ಉಡುಗೊರೆ ಕೊಡುವುದೂ, ಶವಕ್ಕೆ ಸುತ್ತುವುದೂ ತೊಗಟೆ ಬಟ್ಟೆಯನ್ನೇ. ನಮ್ಮಲ್ಲಿ ರೇಷ್ಮೆಗಿರುವ ಸ್ಥಾನ ಅಲ್ಲಿ ಅದಕ್ಕಿದೆ.

ಅಳಿದು ಮರಳಿದ ವಿದ್ಯೆ

ಯುರೋಪು ಈ ಬಟ್ಟೆಯನ್ನು ಮೊದಲು ಕಂಡದ್ದು ವಸ್ತುಸಂಗ್ರಹದ ಕಣ್ಣಿನಿಂದ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಮೂರು ಯಾನಗಳಲ್ಲಿ ಸಿಕ್ಕ ಟಾಪಾವನ್ನು ತುಂಡು ತುಂಡಾಗಿ ಕತ್ತರಿಸಿ, ಅಲೆಕ್ಸಾಂಡರ್ ಷಾ ಎಂಬಾತ 1787ರಲ್ಲಿ ಲಂಡನ್ನಿನಲ್ಲಿ ಮಾದರಿ ಪುಸ್ತಕವಾಗಿ ಹೊರತಂದ. ತುಂಡುಗಳ ಮಾಹಿತಿ ಅಲ್ಲಿದೆ. ಬಡಿದ ಹೆಂಗಸರ ಹೆಸರು ಒಂದೂ ಇಲ್ಲ. ಆ ಮೇಲೆ ಮಿಷನರಿಗಳು ಬಂದರು. 1797ರಲ್ಲಿ ತಾಹಿತಿಗೆ, 1820ರಲ್ಲಿ ಹವಾಯಿಗೆ. ಮಿಲ್ ಬಟ್ಟೆ, ಸೂಜಿದಾರ, ಹೊಲಿಗೆ ಪಾಠ ಬಂದವು. ತಾಹಿತಿ ಮತ್ತು ಹವಾಯಿಯಲ್ಲಿ ತೊಗಟೆ ಬಡಿಯುವ ಸದ್ದು ಸುಮಾರು ನೂರು ವರ್ಷಗಳಲ್ಲಿ ಅಡಗಿತು. ಅದರ ಜಾಗಕ್ಕೆ ತುಂಡುಬಟ್ಟೆಯ ಕೌದಿಗಳು ಬಂದವು. ಕುಕ್ ದ್ವೀಪಗಳ ತಿವಾಯಿವಾಯಿ, ತಾಹಿತಿಯ ತಿಫೈಫೈ ಹುಟ್ಟಿದ್ದು ಹೀಗೆ. ಟೋಂಗಾ, ಸಮೋವಾ, ಫಿಜಿಗಳಲ್ಲಿ ಮಾತ್ರ ಮದುವೆ ಮತ್ತು ಸಾವಿನ ಕಟ್ಟುಪಾಡುಗಳು ತೊಗಟೆ ಬಟ್ಟೆಯನ್ನು ಬಿಡದೆ ಕಾಪಾಡಿದವು.

ಹವಾಯಿಯಲ್ಲಿ ಪುನರುಜ್ಜೀವನ 1970ರ ದಶಕದಿಂದ ಬೆಳೆಯಿತು. ಪುವಾನಾನಿ ವ್ಯಾನ್ ಡಾರ್ಪ್, ಮೇರಿ ಮೆಕ್‌ಡೊನಾಲ್ಡ್ ಅಂಥವರು ವಸ್ತುಸಂಗ್ರಹಾಲಯದ ಹಳೆಯ ತುಂಡುಗಳನ್ನು ಕಣ್ಣಿಟ್ಟು ನೋಡಿ, ಬಡಿದು ಬಡಿದು, ಕಳೆದುಹೋದ ಹಂತಗಳನ್ನು ಮತ್ತೆ ಕಂಡುಕೊಂಡರು. ಕಲಿಸುವ ಗುರು ಇಲ್ಲದಿದ್ದಾಗ ಹಳೆಯ ಬಟ್ಟೆಯೇ ಗುರುವಾಯಿತು.

ನ್ಯೂಜಿಲೆಂಡಿನ ಮಾವೊರಿ ಜನರ ಕತೆ ಇನ್ನೂ ಕಠಿಣ. ಅವರ ಪೂರ್ವಜರು ತಂದ ಪೇಪರ್ ಮಲ್ಬರಿ ಆ ಚಳಿಗೆ ಹೆಚ್ಚು ಬೆಳೆಯಲಿಲ್ಲ. 1769ರಲ್ಲಿ ಕುಕ್‌ನ ಜೊತೆ ಬಂದವರು ಅಲ್ಲಿ ಕಂಡದ್ದು ಬೆರಳೆಣಿಕೆಯ ಗಿಡಗಳನ್ನು. ಮುಂದಿನ ಶತಮಾನದಲ್ಲಿ ಗಿಡವೂ ಹೋಯಿತು, ವಿದ್ಯೆಯೂ ಹೋಯಿತು. ಇತ್ತೀಚಿನ ವರ್ಷಗಳಲ್ಲಿ ನಿಕಾವು ಹಿಂಡಿನ್ ಎಂಬ ಮಾವೊರಿ ಕಲಾವಿದೆ ಹವಾಯಿಯಲ್ಲಿ ಬಡಿಯುವುದನ್ನು ಕಲಿತು ಊರಿಗೆ ಮರಳಿದರು. ತೊಗಟೆ ಬಟ್ಟೆಯ ಮೇಲೆ ನಕ್ಷತ್ರಗಳ ಉದಯ ಅಸ್ತಗಳನ್ನು ರೇಖೆಗಳಲ್ಲಿ ಬರೆಯುವ ಅವರ ಕೃತಿಗಳು ಅಂತರರಾಷ್ಟ್ರೀಯ ಪ್ರದರ್ಶನಗಳನ್ನು ತಲುಪಿವೆ. ನಿಯುಯೆ ಮೂಲದ ಕಲಾವಿದ ಜಾನ್ ಪೂಲೆ ಹಿಯಾಪೊದ ಚೌಕ ಚೌಕದ ವಿನ್ಯಾಸವನ್ನು ಕ್ಯಾನ್ವಾಸಿಗೆ ತಂದರು. ಅದೇ ಹಿಯಾಪೊವನ್ನು ತೊಗಟೆಯ ಮೇಲೆಯೇ ಮರಳಿ ಮಾಡಲು ಪಟ್ಟುಹಿಡಿದವರು ಕಲಾವಿದೆ ಕೋರಾ ಆ್ಯಲನ್.

ಭಾರತದ ಓದುಗರ ಮನಸ್ಸಿಗೆ ಹತ್ತಿರ ಬರುವ ಕೃತಿ ಮಾತ್ರ ಫಿಜಿಯದು. ನ್ಯೂಜಿಲೆಂಡಿನ ರಾಬಿನ್ ವೈಟ್, ಫಿಜಿಯ ಲೇಬಾ ಟೋಕಿ ಮತ್ತು ಬಾಲೆ ಜಿಯೋನೆ ಸೇರಿ ಮಾಡಿದ 'ತೇಇತೇಇ ವೋಉ' ಎಂಬ ಮಸಿ ಕೃತಿ 2009ರಲ್ಲಿ ಬ್ರಿಸ್ಬೇನಿನ ಏಷ್ಯಾ ಪೆಸಿಫಿಕ್ ಟ್ರಿಯೆನ್ನಿಯಲ್‌ನಲ್ಲಿ ಪ್ರದರ್ಶನಗೊಂಡಿತು. ಫಿಜಿಯ ಕಬ್ಬಿನ ಗದ್ದೆಗಳ ಚರಿತ್ರೆ ಅದರ ವಸ್ತು. 1879ರಿಂದ 1916ರವರೆಗೆ ಭಾರತದಿಂದ ಗಿರ್ಮಿಟ್ ಕರಾರಿನಲ್ಲಿ ಸಾಗಿಸಿದ ಕೂಲಿಕಾರರ ನೆನಪು ಅದರಲ್ಲಿದೆ. ತೊಗಟೆ ಬಟ್ಟೆ ಮತ್ತು ಚಾಪೆಗಳ ಜೊತೆಗೆ ಅವರು ಸೀರೆಯ ಬಟ್ಟೆಯನ್ನೂ ಸೇರಿಸಿದರು. ಸೀತೆಯ ಮೈಮೇಲೆ ದುಃಖದಲ್ಲಿ ಸೇರಿದ ಎರಡು ಬಟ್ಟೆಗಳು ಇಲ್ಲಿ ಒಂದೇ ನೆಲ ಹಂಚಿಕೊಂಡು ಬಾಳುವ ಎರಡು ಜನಾಂಗಗಳ ಗುರುತಾಗಿ ಸೇರಿವೆ.

ಈ ಕೃತಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೂವರ ಹೆಸರೂ ಜೊತೆಜೊತೆಗೆ ಇರುವುದು. ನಗರದ ಕಲಾವಿದೆ ಯೋಚನೆ ಕೊಟ್ಟರು, ಹಳ್ಳಿಯ ಹೆಂಗಸರು ಕೂಲಿ ಮಾಡಿದರು ಎಂಬ ಲೆಕ್ಕ ಅಲ್ಲಿಲ್ಲ. ಕಸುಬು ತಿಳಿದವರೂ ಕೃತಿಯ ಒಡೆಯರೇ. ತೊಗಟೆ ಬಟ್ಟೆ ಕರಕುಶಲ ವಸ್ತುವಿನ ಕಪಾಟಿನಿಂದ ಕಲಾ ಗ್ಯಾಲರಿಯ ಗೋಡೆಗೆ ಬಂದದ್ದಕ್ಕೆ ಈ ನಿಲುವೇ ದೊಡ್ಡ ಕಾರಣ.

ಒಡೆತನದ ಜಗಳವೂ ನಡೆದಿದೆ. ಫಿಜಿ ಏರ್‌ವೇಸ್ ತನ್ನ ವಿಮಾನಗಳ ಹೊಸ ಅಲಂಕಾರಕ್ಕೆ ಬಳಸಿದ ಮಸಿ ಚಿತ್ತಾರಗಳ ಮೇಲೆ ಟ್ರೇಡ್‌ಮಾರ್ಕ್ ಕೇಳಿದಾಗ, ಇವು ಕುಲಗಳ ಸ್ವತ್ತು, ಕಂಪನಿಯದಲ್ಲ ಎಂದು ಜನ ಎದ್ದು ನಿಂತರು. ಚಿತ್ತಾರ ಎಲ್ಲರದೂ ಆಗಿದ್ದಾಗ ಯಾರೂ ಅದನ್ನು ತನ್ನದೊಬ್ಬನದೇ ಎನ್ನಬಾರದು ಎಂಬ ಅವರ ವಾದ ನಮ್ಮ ಕಸೂತಿ, ಲಂಬಾಣಿ ಕಸೂತಿಗಳಿಗೂ ಅನ್ವಯಿಸುತ್ತದೆ.

ಲೇಸು, ಮನೆಗೆಲಸವೆಂದು ಮರೆತ ಕಲೆ

ಲೇಸಿನ ದಾರಿ ಬೇರೆ, ಮುಟ್ಟಿದ ಜಾಗ ಒಂದೇ. ದಾರವನ್ನು ಗಂಟು ಹಾಕಿ, ಹೆಣೆದು, ಕೊಂಡಿಯಲ್ಲಿ ಸಿಕ್ಕಿಸಿ, ನಡುನಡುವೆ ಬೇಕೆಂದೇ ಖಾಲಿ ಬಿಡುವ ವಿದ್ಯೆ ಇದು. ಸೈಪ್ರಸ್ಸಿನ ಲೆಫ್ಕಾರಾ ಲೇಸು, ಕ್ರೊಯೇಷ್ಯಾದ ಲೇಸು 2009ರಲ್ಲಿ, ಫ್ರಾನ್ಸಿನ ಅಲಾನ್ಸೊನ್ ಸೂಜಿಲೇಸು 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಸಿಡ್ನಿಯ ಪವರ್‌ಹೌಸ್ ಮ್ಯೂಸಿಯಂ 2011ರಲ್ಲಿ ಏರ್ಪಡಿಸಿದ 'ಲವ್ ಲೇಸ್' ಪ್ರದರ್ಶನದ ಹೊತ್ತಿಗೆ ತಂತಿ, ಕಾಗದ, ಕೂದಲು ಎಲ್ಲವೂ ಲೇಸಿನ ಸಾಮಗ್ರಿಯಾಗಿದ್ದವು. ಪೋರ್ಚುಗಲ್ಲಿನ ಜೊವಾನಾ ವಾಸ್ಕೊನ್ಸೆಲೊಸ್ ಅಜ್ಜಿಯರು ಕೊಂಡಿಸೂಜಿಯಿಂದ ಹೆಣೆಯುವ ಕ್ರೋಶಾ ಕೆಲಸವನ್ನು ದೊಡ್ಡ ಶಿಲ್ಪಗಳಿಗೆ ಹೊದಿಸಿ ಜಗತ್ತಿನ ಗಮನ ಸೆಳೆದರು. ತೊಗಟೆಯೂ ಲೇಸೂ ಪ್ರಕೃತಿಯಲ್ಲೇ ಒಂದಾಗಿರುವ ಉದಾಹರಣೆಯೂ ಇದೆ. ಜಮೈಕಾದ ಲೇಸ್‌ಬಾರ್ಕ್ ಮರದ ಒಳತೊಗಟೆಯನ್ನು ಪದರ ಪದರವಾಗಿ ಬಿಡಿಸಿ ಅಗಲಿಸಿದರೆ, ಯಾರೂ ಹೆಣೆಯದ ಸೊಗಸಾದ ಬಲೆ ಕೈಗೆ ಬರುತ್ತದೆ. ಗುಲಾಮಗಿರಿಯ ಕಾಲದಲ್ಲಿ ಅಲ್ಲಿನ ಹೆಂಗಸರು ಇದರಿಂದಲೇ ಉಡುಪಿಗೆ ಅಂಚು ಕಟ್ಟಿಕೊಂಡರು.

ದಕ್ಷಿಣ ಭಾರತಕ್ಕೆ ಲೇಸು 19ನೇ ಶತಮಾನದಲ್ಲಿ ಮಿಷನರಿಗಳ ಜೊತೆ ಬಂತು. ನಾಗರಕೋಯಿಲ್ ಕಡೆ ದಿಂಬಿನ ಮೇಲೆ ಹೆಣೆಯುವ ಲೇಸು ಬೇರೂರಿತು. ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸು. ನರಸಾಪುರದ ಲೇಸು ಹೆಣೆಯುವ ಹೆಂಗಸರ ಬಗ್ಗೆ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಕಣ್ಣು ತೆರೆಸುತ್ತದೆ. ವಿದೇಶಕ್ಕೆ ರಫ್ತಾಗುವ ಸರಕನ್ನು ಮನೆಯಲ್ಲಿ ಕೂತು ಮಾಡುತ್ತಿದ್ದ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ. 'ಬಿಡುವಿನಲ್ಲಿ ಮಾಡುತ್ತಾರೆ' ಎಂಬ ಒಂದೇ ಮಾತು ಅವರ ಕೂಲಿಯನ್ನು ಕೆಳಗೇ ಇಟ್ಟಿತು. ವ್ಯಾಪಾರ ಗಂಡಸರ ಕೈಯಲ್ಲಿ ಉಳಿಯಿತು.

ನಮ್ಮ ಕಡೆ ಇದಕ್ಕೆ ಸಮನಾದ ಕೆಲಸ ಸೀರೆಗೆ ಕುಚ್ಚು ಹಾಕುವುದು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದವರೆಗೆ ರೇಷ್ಮೆ ಸೀರೆ ಕೊಂಡವರೆಲ್ಲ ಮೊದಲು ಫಾಲ್ ಹಾಕಿಸಿ, ಆಮೇಲೆ ಕುಚ್ಚಿಗೆ ಕೊಡುತ್ತಾರೆ. ಸೆರಗಿನ ಕೊನೆಯಲ್ಲಿ ನೇಯದೆ ಬಿಟ್ಟ ಹಾಸಿನ ಎಳೆಗಳನ್ನು ಸಣ್ಣ ಸಣ್ಣ ಕಟ್ಟಾಗಿ ಭಾಗ ಮಾಡಿ ಗಂಟು ಹಾಕುವುದು ಹಳೆಯ ಕುಚ್ಚು. ಈಗಿನದು ಕ್ರೋಶಾ ಕುಚ್ಚು. ಕುಚ್ಚು ಹಾಕುವವರು ಸೀರೆಯ ಬಣ್ಣಕ್ಕೆ ಹೊಂದುವ ದಾರದ ಎಳೆಗಳನ್ನು ಸೇರಿಸಿ, ಸೆರಗಿನ ಅಂಚನ್ನು ಎಡಗೈ ಬೆರಳುಗಳ ನಡುವೆ ಬಿಗಿಹಿಡಿದು, ಕೊಂಡಿಸೂಜಿಯಿಂದ ಅಂಚಿನುದ್ದಕ್ಕೂ ಸರಪಣಿ ಎಳೆಯುತ್ತಾರೆ. ಮುಂದಿನ ಸಾಲಿನಲ್ಲಿ ಕಮಾನುಗಳು. ಕಮಾನಿನ ನಡುವೆ ಮಣಿ. ಕೊನೆಗೆ ದಾರದ ಕಟ್ಟನ್ನು ಇಳಿಬಿಟ್ಟು ಕುತ್ತಿಗೆ ಬಿಗಿದು ತುದಿ ಸಮಕ್ಕೆ ಕತ್ತರಿಸಿದರೆ ಕುಚ್ಚು. ಕಮಾನುಗಳ ಅಳತೆ ಎಲ್ಲೂ ಹೆಚ್ಚುಕಡಿಮೆ ಆಗಬಾರದು. ಒಂದು ಸಡಿಲವಾದರೂ ಸೆರಗು ಸೊಟ್ಟಗೆ ಬೀಳುತ್ತದೆ. ಬೇಬಿ ಕುಚ್ಚು, ಮಣಿ ಕುಚ್ಚು ಎಂದು ಮಾದರಿಗಳಿಗೆ ಅವರೇ ಇಟ್ಟ ಹೆಸರುಗಳಿವೆ. ಒಬ್ಬರು ಕಟ್ಟಿದ ಹೊಸ ವಿನ್ಯಾಸ ವಾರದೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತುತ್ತದೆ.

ಇದು ಪೂರ್ಣ ಅರ್ಥದಲ್ಲಿ ಲೇಸು. ಅದೂ ರೇಷ್ಮೆ ಸೀರೆಗೆ ಕೊನೆಯ ಸೊಗಸು ಕೊಡುವ ಲೇಸು. ಆದರೆ ಸೀರೆಗೆ ಇಷ್ಟು ಎಂಬ ಕೂಲಿಯ ಲೆಕ್ಕದಾಚೆಗೆ ಇದಕ್ಕೆ ಬೆಲೆ ಕಟ್ಟಿದವರಿಲ್ಲ. ಯಾವ ಕಲಾಶಾಲೆಯಲ್ಲೂ ಕುಚ್ಚಿನ ವಿನ್ಯಾಸಗಳ ಸಂಗ್ರಹವನ್ನು ನಾನು ಕಂಡಿಲ್ಲ. ಮರಿಯಾ ಮೀಸ್ ನರಸಾಪುರದಲ್ಲಿ ಗುರುತಿಸಿದ ಅನ್ಯಾಯ ಇಲ್ಲಿಯೂ ನಡೆದಿದೆ.

ಗೂಡೇ ಒಂದು ಬಟ್ಟೆ

ತೊಗಟೆ ಬಟ್ಟೆಗೂ ರೇಷ್ಮೆಗೂ ಸಸ್ಯಕುಲದ ನಂಟಿಗಿಂತ ಹತ್ತಿರದ ಇನ್ನೊಂದು ನಂಟಿದೆ. ಗೂಡು ಸ್ವತಃ ಮಗ್ಗವಿಲ್ಲದ ಬಟ್ಟೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಇಡುವ ಚಂದ್ರಿಕೆಗೆ ಬಿಟ್ಟರೆ ಅದು ಎರಡು ಮೂರು ದಿನ ತಲೆಯಾಡಿಸುತ್ತಾ ಒಂದೇ ಎಳೆಯನ್ನು ಎಡೆಬಿಡದೆ ಹರಿಸುತ್ತದೆ. ಮಿಶ್ರತಳಿಯಲ್ಲಿ ಆರೇಳು ನೂರು ಮೀಟರ್, ಒಳ್ಳೆಯ ದ್ವಿತಳಿಯಲ್ಲಿ ಸಾವಿರ ಮೀಟರಿನಷ್ಟು ಉದ್ದದ ಆ ಎಳೆ, ಸೆರಿಸಿನ್ ಎಂಬ ತನ್ನದೇ ಅಂಟಿನಿಂದ ಪದರ ಪದರವಾಗಿ ಕೂಡಿಕೊಂಡು ಗಟ್ಟಿ ಹಾಳೆಯಾಗುತ್ತದೆ. ತೊಗಟೆ ಬಟ್ಟೆಯಲ್ಲೂ ಎಳೆಗಳು ನೇಯ್ಗೆಯಿಲ್ಲದೆ ಒತ್ತಡದಿಂದ, ಅಂಟಿನಿಂದ ಕೂಡಿರುತ್ತವೆ. ಫಿಲೇಚರಿನಲ್ಲಿ ನಾವು ಮಾಡುವುದು ಈ ಸಿದ್ಧ ಬಟ್ಟೆಯನ್ನು ಬೇಯಿಸಿ, ಅಂಟು ಸಡಿಲಿಸಿ, ಮತ್ತೆ ಎಳೆಯಾಗಿ ಬಿಚ್ಚುವ ಕೆಲಸ.

ಮೂಲೆ ಸಿಗದ ಹುಳು ಗೂಡು ಕಟ್ಟುವುದಿಲ್ಲ, ಚಪ್ಪಟೆಯಾಗಿ ಹಾಸುತ್ತದೆ. ಹುಳು ಹಣ್ಣಾದ ದಿನ ಚಂದ್ರಿಕೆ ಸಾಲದೆ ಹೋದರೆ ತಟ್ಟೆಯ ಮೇಲೆ, ಕಾಗದದ ಮೇಲೆ ರೇಷ್ಮೆ ವ್ಯರ್ಥವಾಗಿ ಹಾಸಿಕೊಳ್ಳುವುದನ್ನು ಹುಳು ಸಾಕುವವರೆಲ್ಲ ಬಲ್ಲರು. ರೈತನಿಗೆ ನಷ್ಟವಾದ ಈ ಗುಣದ ಮೇಲೆಯೇ ಕಲಾವಿದರು ಕೆಲಸ ಕಟ್ಟಿದರು. ಅಮೆರಿಕದ ಎಂಐಟಿಯಲ್ಲಿ ನೇರಿ ಆಕ್ಸ್‌ಮನ್ ತಂಡ 2013ರಲ್ಲಿ ರೇಷ್ಮೆ ದಾರದ ಚೌಕಟ್ಟಿನ ಗುಮ್ಮಟವೊಂದನ್ನು ಕಟ್ಟಿ, ಅದರ ಮೇಲೆ 6,500 ಹುಳುಗಳನ್ನು ಬಿಟ್ಟಿತು. ಹುಳುಗಳು ಗೂಡು ಕಟ್ಟದೆ ಗುಮ್ಮಟಕ್ಕೇ ರೇಷ್ಮೆ ಹೊದಿಸಿದವು. ಚೀನಾದ ಲಿಯಾಂಗ್ ಷಾವೊಜಿ 1980ರ ದಶಕದ ಕೊನೆಯಿಂದಲೂ ಹುಳುಗಳ ಜೊತೆಯಲ್ಲೇ ಕೆಲಸ ಮಾಡುತ್ತಿದ್ದಾರೆ. ತಾಮ್ರದ ತಂತಿಯ ಪುಟ್ಟ ಮಂಚಗಳ ಮೇಲೆ ಹುಳುಗಳೇ ರೇಷ್ಮೆ ಹಾಸಿದ ಅವರ ಕೃತಿ 1999ರಲ್ಲಿ ವೆನಿಸ್ ಬಿನಾಲೆಯಲ್ಲಿತ್ತು. ಜಪಾನಿನಲ್ಲಿ ಗೂಡನ್ನು ಬಿಡಿಸಿ, ನೀರಿನಲ್ಲಿ ಅಗಲಿಸಿ, ಚೌಕಟ್ಟಿಗೆ ಹಿಗ್ಗಿಸಿ ಮಾಡುವ ಮವಾತಾ ಎಂಬ ರೇಷ್ಮೆ ಹಾಳೆಗಳಿವೆ. ಇಂಥ ಹಾಳೆಯಿಂದ ಕೈಯಲ್ಲಿ ನೂಲು ತೆಗೆದು ನೇಯುವ ಯೂಕಿ ತ್ಸುಮುಗಿ 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ.

ಕರ್ನಾಟಕದಲ್ಲೂ ಈ ದಾರಿಯಲ್ಲಿ ನಡೆದವರಿದ್ದಾರೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರಲ್ಲಿ ಮೊದಲು ನೆನೆಯಬೇಕಾದವರು. ಉದ್ದುದ್ದ ದಾರಗಳನ್ನು ಸೂಜಿಗಳ ಕಣ್ಣಿನಲ್ಲಿ ಹಾಯಿಸಿ, ಕುಂಕುಮ ಮತ್ತು ಅಂಟಿನಿಂದ ಹಗ್ಗವಾಗಿ ಕೂಡಿಸಿ, ತುದಿಯಲ್ಲಿ ಸೂಜಿಗಳ ಗೊಂಚಲು ಇಳಿಬಿಟ್ಟ ಅವರ ಕೃತಿ ನೇಯದೆಯೂ ದಾರ ಏನನ್ನೆಲ್ಲ ಹೇಳಬಲ್ಲದು ಎಂಬುದಕ್ಕೆ ಸಾಕ್ಷಿ. ಕೂದಲಿನ ಹಗ್ಗ ಮತ್ತು ಕಾರಿನ ಬಂಪರುಗಳ ಅವರ 'ಬಿಹೋಲ್ಡ್' 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು ವಿದ್ವಾಂಸ ಹೆನ್ರಿ ಡ್ರೂವಲ್ ಅವರ ಶ್ರಮದಿಂದ 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದ ಗೋಡೆ ಏರಿದವು. ಬೆಂಗಳೂರಿನಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೊಟೊಗ್ರಫಿಯ ಸಂಗ್ರಹದಲ್ಲಿ ವಸ್ತ್ರಗಳಿಗೇ ಒಂದು ವಿಭಾಗವಿದೆ. ಶಿಡ್ಲಘಟ್ಟದಿಂದ ಅದು ಒಂದೆರಡು ಗಂಟೆಯ ಹಾದಿ.

ಶಿಡ್ಲಘಟ್ಟದ ಸೀಮೆಯಲ್ಲಿ ಗೂಡಿನ ಕಲೆ ಎಂದರೆ ಸದ್ಯಕ್ಕೆ ಹೆಚ್ಚಾಗಿ ಕಾಣುವುದು ಗೂಡಿನ ಹಾರ ಮತ್ತು ಹೂಗುಚ್ಛ. ಸಭೆಗಳಲ್ಲಿ ಗಣ್ಯರಿಗೆ ಹಾಕುವ ಆ ಹಾರಗಳಲ್ಲಿ ಕೌಶಲವಿದೆ, ಒಂದಷ್ಟು ಹೆಂಗಸರಿಗೆ ಆದಾಯವೂ ಇದೆ. ಆದರೆ ಗೂಡನ್ನು ಬಣ್ಣ ಬಳಿದ ಕಾಗದದ ಹಾಗೆ ಕತ್ತರಿಸಿ ಹೂ ಮಾಡುವುದಕ್ಕೂ, ಗೂಡಿನ ಗುಣವನ್ನೇ ಅರಿತು ಅದರಿಂದ ಹೊಸದನ್ನು ಹೊರಡಿಸುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ಮಾಡಲು ಬೇಕಾದ ಜ್ಞಾನ ಈ ಊರಿನವರಲ್ಲಿ ಇರುವಷ್ಟು ಬೇರೆಲ್ಲೂ ಸಿಗುವುದು ಕಷ್ಟ. ಯಾವ ನೀರಿನ ಬಿಸಿಗೆ ಎಳೆ ಬಿಡುತ್ತದೆ, ಯಾವ ಗೂಡು ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಎಷ್ಟು ಗೂಡಿನ ಎಳೆ ಸೇರಿಸಿದರೆ ನೂಲು ಹದವಾಗುತ್ತದೆ ಎಂಬುದನ್ನು ಬೆರಳ ತುದಿಯಲ್ಲೇ ಬಲ್ಲವರು ಬೇಸಿನ್ ಮುಂದೆ ಕೂತಿದ್ದಾರೆ.

ನಮ್ಮ ಕಸದಲ್ಲಿರುವ ಕಸುಬು

ತಳಿ ನೋಡಿಕೊಂಡು ಆರರಿಂದ ಎಂಟು ಕಿಲೊ ಗೂಡಿಗೆ ಒಂದು ಕಿಲೊ ನೂಲು ಸಿಗುತ್ತದೆ. ಉಳಿದದ್ದರಲ್ಲಿ ಒಳಗಿನ ಹುಳುವಿನ, ಅಂದರೆ ಪ್ಯೂಪಾದ, ತೂಕವೇ ಹೆಚ್ಚು. ಆದರೂ ಗೂಡಿನ ಮೇಲ್ಪದರದ ಜೊಂಪೆ, ನೂಲು ತೆಗೆದ ಮೇಲೆ ಪ್ಯೂಪಾ ಸುತ್ತ ಉಳಿಯುವ ತೆಳುಪೊರೆ, ತೂತಾದ ಗೂಡು, ಜೋಡಿಗೂಡು ಎಲ್ಲ ವೇಸ್ಟ್ ಎಂದು ಕಡಿಮೆ ಬೆಲೆಗೆ ಹೋಗುತ್ತವೆ. ಹಾಳೆ ಮಾಡಲು, ಅಂಟಿಸಲು, ಬಡಿಯಲು ಇವೇ ಒಳ್ಳೆಯ ಸಾಮಗ್ರಿ. ತೋಟದ ಕಡೆ ನೋಡಿದರೆ, ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಒಲೆಗೋ ಗೊಬ್ಬರಕ್ಕೋ ಹೋಗುತ್ತದೆ. ಅದರ ತೊಗಟೆಯಲ್ಲೂ ನಾರಿದೆ. ಉಜ್ಬೇಕಿಸ್ತಾನದ ಸಮರಖಂಡದಲ್ಲಿ, ಚೀನಾದ ಹೋತಾನಿನಲ್ಲಿ ಹಿಪ್ಪುನೇರಳೆ ತೊಗಟೆಯಿಂದಲೇ ಕೈಕಾಗದ ಮಾಡುತ್ತಾರೆ. ಎರಡು ತಿಂಗಳಿಗೆ ಕಟಾವಾಗುವ ನಮ್ಮ ಎಳೆ ಕಡ್ಡಿಯ ತೊಗಟೆ ತೆಳು. ಟಾಪಾದಂಥ ಅಗಲ ಬಟ್ಟೆ ಅದರಿಂದ ಬರುವುದಿಲ್ಲ. ಕಾಗದಕ್ಕೆ, ರೇಷ್ಮೆ ವೇಸ್ಟಿನ ಜೊತೆ ಬೆರೆಸಿ ಮಾಡುವ ಹಾಳೆಗೆ ಪ್ರಯತ್ನಿಸಬಹುದು. ಮರ ಪದ್ಧತಿಯಲ್ಲಿ ಬೆಳೆಸಿದ ಹಿಪ್ಪುನೇರಳೆಯ ದಪ್ಪ ಕೊಂಬೆಗಳು ಇನ್ನಷ್ಟು ಆಸೆ ಹುಟ್ಟಿಸುತ್ತವೆ.

ಇಲ್ಲಿ ಎರಡು ಎಚ್ಚರ ಬೇಕು. ಒಂದು, ಪೇಪರ್ ಮಲ್ಬರಿಯನ್ನು ತಂದು ನೆಡುವ ಆಸೆ ಬೇಡ. ಪಾಕಿಸ್ತಾನದ ಇಸ್ಲಾಮಾಬಾದಿನಲ್ಲಿ ನೆಟ್ಟ ಆ ಗಿಡ ಹತೋಟಿ ಮೀರಿ ಹಬ್ಬಿ, ವಸಂತದಲ್ಲಿ ಅದರ ಪರಾಗದಿಂದ ಬಹಳ ಜನ ಅಲರ್ಜಿಗೆ ಸಿಕ್ಕಿಕೊಂಡರು. ನಮ್ಮ ತೋಟದಲ್ಲಿರುವುದೇ ನಮಗೆ ಸಾಕು. ಎರಡು, ಟೋಂಗಾ ಸಮೋವಾಗಳ ಚಿತ್ತಾರಗಳನ್ನು ನಕಲು ಮಾಡಬಾರದು. ಅವು ಅವರ ವಂಶದ, ನೆಲದ ಕತೆಗಳು. ಅವರಿಂದ ನಾವು ಕಲಿಯಬೇಕಾದದ್ದು ಕಸುಬಿನವರನ್ನೇ ಕಲಾವಿದರೆಂದು ಒಪ್ಪಿಕೊಂಡ ಬಗೆಯನ್ನು.

ಹವಾಯಿಯವರು, ಮಾವೊರಿಗಳು ಸತ್ತುಹೋದ ವಿದ್ಯೆಯನ್ನು ಹಳೆಯ ತುಂಡುಗಳಿಂದ ಎಬ್ಬಿಸಬೇಕಾಯಿತು. ಶಿಡ್ಲಘಟ್ಟಕ್ಕೆ ಆ ಕಷ್ಟವಿಲ್ಲ. ಇಲ್ಲಿ ವಿದ್ಯೆ ಜೀವಂತವಾಗಿದೆ. ಆದರೆ ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬರುತ್ತಿವೆ. ಬರಲೇಬೇಕು, ಬಿಸಿನೀರಿನಲ್ಲಿ ಬೇಯುವ ಬೆರಳುಗಳಿಗೆ ಬಿಡುಗಡೆ ಸಿಗಲೇಬೇಕು. ಆದರೆ ನೂಲು ಬಿಚ್ಚುವ ಚರಕ, ಕಾಟೇಜ್ ಬೇಸಿನ್‌ಗಳು ಮರೆಯಾಗುವ ಮುನ್ನ ಆ ಕೈಗಳ ತಿಳಿವಳಿಕೆಗೆ ಬೇರೊಂದು ನೆಲೆ ಒದಗಿಸುವುದು ನಮ್ಮ ಹೊಣೆ. ಅದಕ್ಕೆ ಬೇಕಾದ ಸಂಸ್ಥೆಗಳು ದೂರವಿಲ್ಲ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ. ಬೆಂಗಳೂರಿನಲ್ಲಿ 1960ರಿಂದ ಚಿತ್ರಕಲಾ ಪರಿಷತ್ತು ಇದೆ. ರೇಷ್ಮೆ ಇಲಾಖೆಯ ಕಟ್ಟಡಗಳು ತಾಲ್ಲೂಕಿನಲ್ಲೇ ಇವೆ. ಇವು ಮೂರೂ ಸೇರಿ ಶಿಡ್ಲಘಟ್ಟದಲ್ಲಿ ಒಂದು ಕಾರ್ಯಾಗಾರ ತೆರೆಯಲಿ. ಕಲಾ ವಿದ್ಯಾರ್ಥಿಗಳು ಅಲ್ಲಿ ಬಂದು ಗೂಡಿನ ಗುಣ ಕಲಿಯಲಿ. ನೂಲು ಬಿಚ್ಚುವವರಿಗೂ ಕುಚ್ಚು ಹಾಕುವವರಿಗೂ ಕಲಿಸುವವರ ಕುರ್ಚಿ ಮತ್ತು ಸಂಭಾವನೆ ಸಿಗಲಿ. ಕುಚ್ಚಿನ ವಿನ್ಯಾಸಗಳನ್ನು, ಕಟ್ಟಿದವರ ಹೆಸರು ಮತ್ತು ಊರಿನ ಸಮೇತ, ಒಂದು ಕಡೆ ಸಂಗ್ರಹಿಸಿಡಲಿ.

ಓದುಗರಿಗೂ ಒಂದು ಮಾತು. ಮುಂದಿನ ಬಾರಿ ರೇಷ್ಮೆ ಸೀರೆ ಕೊಂಡಾಗ ನೂಲು ಯಾವ ಊರಿನದೆಂದು ಕೇಳಿ. ಕುಚ್ಚು ಹಾಕಿಸಿದಾಗ ಹಾಕಿದವರ ಹೆಸರು ಕೇಳಿ ತಿಳಿಯಿರಿ, ಚೌಕಾಸಿ ಮಾಡದೆ ಕೂಲಿ ಕೊಡಿ. ಹೆಸರು ಹೇಳಿ ಗೌರವಿಸಿದ ಕಡೆಗಳಲ್ಲೆಲ್ಲ ಹೆಂಗಸರ ಕೈಕೆಲಸ ಕಲೆಯಾಗಿ ಉಳಿದಿದೆ. ಶಿಡ್ಲಘಟ್ಟದ ಕೈಗಳಿಗೂ ಆ ಗೌರವ ಸಲ್ಲಬೇಕು, ಅವು ಇನ್ನೂ ಕೆಲಸ ಮಾಡುತ್ತಿರುವಾಗಲೇ ಸಲ್ಲಬೇಕು.